ಬೆಲ್ಲ, ಸಕ್ಕರೆ, ಜೇನು… ಪಾಪವಿಲ್ಲದ ಸಿಹಿ ಯಾವುದು?

ಮುಂಬೈ, ಪುಣೆ ಕಡೆ ಇರುವವರು ಗಮನಿಸಿರುತ್ತೀರಿ. ಕೆಲವು ವರ್ಷಗಳಿಂದ ಎಲ್ಲಿ ನೋಡಿದರೂ ‘ಗುಳಾಚಾ ಚಹಾ’ ಅಂತ ಬೋರ್ಡು. ಬೆಲ್ಲದ ಚಹಾ. ಅಲ್ಲಿ ನಿಂತು ಕುಡಿಯುವವರಲ್ಲಿ ನನ್ನ ವಯಸ್ಸಿನವರೇ ಜಾಸ್ತಿ. ಮಾತಿಗೆ ಸಿಕ್ಕಿದ ಕನ್ನಡದವರನ್ನು ಕೇಳಿದರೆ ಹೆಚ್ಚುಕಡಿಮೆ ಒಂದೇ ಉತ್ತರ: “ಶುಗರ್ ಬಂದಿದೆ ಸಾರ್, ಅದಕ್ಕೇ ಸಕ್ಕರೆ ಬಿಟ್ಟು ಬೆಲ್ಲ ಶುರು ಮಾಡಿದೀನಿ.” ಇನ್ನು ಕೆಲವರು ಜೇನಿಗೆ ಹೋಗಿದ್ದಾರೆ, ಕೆಲವರು ತಾಟಿಬೆಲ್ಲಕ್ಕೆ, ಕೆಲವರು ಡಬ್ಬಿಯೊಳಗಿನ ಮಾತ್ರೆಗೆ.

ನಾನು ಡಾಕ್ಟರ್ ಅಲ್ಲ. ಬಿಕಾಂ ಮಾಡಿ ಬ್ಯಾಂಕು ಸೇರಿ, ಹೊಟ್ಟೆಪಾಡಿಗೆ ಇಲ್ಲೇ ಬೇರು ಬಿಟ್ಟವನು. ಆದರೆ ಹಳೆಯ ಲೆಕ್ಕ ಕೆದಕುವ ಚಟ ಇದೆ. ಸಕ್ಕರೆಯ ಚರಿತ್ರೆ ಓದುತ್ತಾ ಹೋದ ಹಾಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಮನುಷ್ಯ ಎರಡು ಸಾವಿರ ವರ್ಷಗಳಿಂದ ಸಿಹಿ ತಿನ್ನುತ್ತಾ ಬಂದಿದ್ದಾನೆ, ಅದರ ಜೊತೆಗೇ ‘ಪಾಪವಿಲ್ಲದ ಸಿಹಿ’ಯನ್ನೂ ಹುಡುಕುತ್ತಾ ಬಂದಿದ್ದಾನೆ. ಒಂದೊಂದು ಕಾಲಕ್ಕೆ ಒಂದೊಂದು ಸಿಹಿಗೆ ಒಳ್ಳೆಯ ಹೆಸರು. ಹೆಸರು ಬದಲಾಗುತ್ತೆ, ದೇಹದ ಲೆಕ್ಕ ಮಾತ್ರ ಬದಲಾಗೋದಿಲ್ಲ. ಆ ಕಥೆಯನ್ನೇ ಇಲ್ಲಿ ಹೇಳೋಣ ಅಂತ.

ಮೊದಲು ನಮ್ಮ ನೆಲದಿಂದಲೇ ಶುರು ಮಾಡೋಣ, ಯಾಕೆಂದರೆ ಸಕ್ಕರೆ ಹುಟ್ಟಿದ್ದು ಇಲ್ಲೇ. ಕ್ರಿ.ಪೂ. 4ನೇ ಶತಮಾನದಲ್ಲಿ ಅಲೆಕ್ಸಾಂಡರನ ಜೊತೆ ಬಂದ ನಿಯರ್ಕಸ್ ಎಂಬ ಸೇನಾಧಿಕಾರಿ, ಜೇನುನೊಣವಿಲ್ಲದೆ ಜೇನು ಕೊಡುವ ಜೊಂಡು ಈ ದೇಶದಲ್ಲಿದೆ ಅಂತ ಬೆರಗಿನಿಂದ ಬರೆದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಬ್ಬಿನ ರಸದಿಂದ ಬರುವ ಪದಾರ್ಥಗಳ ಪಟ್ಟಿಯೇ ಇದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಮೊದಲನೆಯದು ಹೆಚ್ಚುಕಡಿಮೆ ನಮ್ಮ ಜೋನಿ ಬೆಲ್ಲ. ಎರಡನೆಯದು ಗಟ್ಟಿ ಬೆಲ್ಲ. ಆಮೇಲಿನವು ಒಂದಕ್ಕಿಂತ ಒಂದು ಶುಭ್ರವಾಗಿ ಹರಳುಗಟ್ಟಿದವು. ಈ ಶರ್ಕರೆಯೇ ಅರಬರ ಬಾಯಲ್ಲಿ ಸುಕ್ಕರ್ ಆಗಿ, ಯೂರೋಪಿಗೆ ಹೋಗಿ ಶುಗರ್ ಆಯಿತು. ಖಂಡ ಹೋಗಿ ಕ್ಯಾಂಡಿ ಆಯಿತು. ಕ್ರಿ.ಶ. 647ರಲ್ಲಿ ಚೀನಾದ ತಾಂಗ್ ಚಕ್ರವರ್ತಿ ತಾಯ್‌ಜೋಂಗ್, ಸಕ್ಕರೆ ಮಾಡುವ ವಿದ್ಯೆ ಕಲಿತು ಬರಲು ಮಗಧಕ್ಕೆ ಜನರನ್ನು ಕಳಿಸಿದ್ದ.

ಸಿಹಿಯ ವಿದ್ಯೆ ಗೊತ್ತಿದ್ದವರಿಗೆ ಸಿಹಿಯ ಕಾಯಿಲೆಯೂ ಗೊತ್ತಿತ್ತು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನೋಡಿ ನಮ್ಮ ವೈದ್ಯರು ಮಧುಮೇಹವನ್ನು ಗುರುತಿಸಿದ್ದರು. ಸುಶ್ರುತ ಸಂಹಿತೆ ಎರಡು ಬಗೆಯ ಪ್ರಮೇಹವನ್ನು ಹೇಳುತ್ತದೆ: ಹುಟ್ಟಿನಿಂದ ಬಂದದ್ದು ಒಂದು, ಅಪಥ್ಯದಿಂದ ಬಂದದ್ದು ಇನ್ನೊಂದು. ಮೊದಲನೆಯವರು ಸಾಮಾನ್ಯವಾಗಿ ಕೃಶರು, ಎರಡನೆಯವರು ಸ್ಥೂಲರು. ಇಂದಿನ ಟೈಪ್ 1, ಟೈಪ್ 2 ವಿಂಗಡಣೆಗೆ ಅದು ಎಷ್ಟು ಹತ್ತಿರ ಇದೆ ನೋಡಿ!

ಇಷ್ಟನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಮುಂದಿನದನ್ನು ಯಾಕೋ ಹೇಳುವುದಿಲ್ಲ. ಚರಕ ಸಂಹಿತೆಯಲ್ಲಿ ಪ್ರಮೇಹಕ್ಕೆ ಕಾರಣಗಳೇನು ಅಂತ ಪಟ್ಟಿ ಕೊಟ್ಟಿದ್ದಾರೆ. ಸುಖವಾಗಿ ಕೂತಿರುವುದು, ಸುಖವಾಗಿ ಮಲಗಿರುವುದು, ಮೊಸರು, ಹಾಲು, ಹೊಸ ಧಾನ್ಯ… ಆ ಸಾಲಿನಲ್ಲೇ ಬೆಲ್ಲದಿಂದ ಮಾಡಿದ ತಿನಿಸುಗಳೂ ಇವೆ. ‘ಬೆಲ್ಲ ನಮ್ಮ ಪೂರ್ವಿಕರ ಔಷಧ, ಶುಗರ್ ಇದ್ದವರು ಧಾರಾಳವಾಗಿ ತಿನ್ನಬಹುದು’ ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಆ ಪೂರ್ವಿಕರೇ ಬೆಲ್ಲದ ಅಡುಗೆಯನ್ನು ಕಾರಣಗಳ ಪಟ್ಟಿಗೆ ಸೇರಿಸಿದ್ದಾರೆ. ಬೆಲ್ಲಕ್ಕೆ ಆಯುರ್ವೇದದಲ್ಲಿ ಔಷಧದ ಜಾಗ ಇದೆ, ಇಲ್ಲವೆಂದಲ್ಲ. ಆದರೆ ಈ ಕಾಯಿಲೆಗೆ ಅದು ಔಷಧವಾಗಿರಲಿಲ್ಲ.

ಯೂರೋಪಿನವರಿಗೆ ಇದು ತಿಳಿದದ್ದು ಬಹಳ ತಡವಾಗಿ. 1670ರ ದಶಕದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಈ ರೋಗಿಗಳ ಮೂತ್ರ ಜೇನಿನಂತೆ ಸಿಹಿ ಅಂತ ಬರೆದ. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಅದನ್ನು ಕಾಯಿಸಿ, ಆವಿ ಮಾಡಿ, ತಳದಲ್ಲಿ ಉಳಿದದ್ದು ಸಕ್ಕರೆಯೇ ಅಂತ ತೋರಿಸಿದ. ರಕ್ತದಲ್ಲೂ ಸಿಹಿ ಇದೆ ಅಂತ ಹೇಳಿದವನೂ ಅವನೇ. 1815ರಲ್ಲಿ ಫ್ರಾನ್ಸಿನ ಷೆವ್ರಲ್ ಅದು ದ್ರಾಕ್ಷಿಯಲ್ಲಿರುವ ಸಕ್ಕರೆ, ಅಂದರೆ ನಾವೀಗ ಗ್ಲೂಕೋಸ್ ಅನ್ನುವುದು ಅಂತ ಗುರುತಿಸಿದ. 1847ರಲ್ಲಿ ದ್ಯೂಬ್ರುನ್‌ಫೋ ಎಂಬಾತ ಫ್ರಕ್ಟೋಸನ್ನು, ಅಂದರೆ ಹಣ್ಣಿನ ಸಕ್ಕರೆಯನ್ನು ಪತ್ತೆ ಮಾಡಿದ.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕಾಗುತ್ತದೆ. ಹೆದರಬೇಡಿ, ಕಾಮರ್ಸ್ ಓದಿದವನಿಗೆ ಅರ್ಥವಾದಷ್ಟೇ ಹೇಳುತ್ತೇನೆ. ಗ್ಲೂಕೋಸ್ ಒಂದು, ಫ್ರಕ್ಟೋಸ್ ಒಂದು. ಇವೆರಡು ಸೇರಿ ತೆಗೆದ ಜಾಯಿಂಟ್ ಅಕೌಂಟೇ ಸುಕ್ರೋಸ್, ನಮ್ಮ ಅಡುಗೆಮನೆಯ ಸಕ್ಕರೆ. ಸಣ್ಣ ಕರುಳಿಗೆ ಹೋದ ಕೂಡಲೇ ಈ ಜಾಯಿಂಟ್ ಅಕೌಂಟ್ ಮುಚ್ಚಿ, ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗಿ ಒಡೆಯುತ್ತದೆ. ಜೇನಿನಲ್ಲಿ ಇವೆರಡೂ ಮೊದಲೇ ಬೇರೆಬೇರೆಯಾಗಿ ಇರುತ್ತವೆ, ಫ್ರಕ್ಟೋಸ್ ಸ್ವಲ್ಪ ಹೆಚ್ಚು. ಬೆಲ್ಲದಲ್ಲಿ ಬಹುಪಾಲು ಸುಕ್ರೋಸೇ. ಕೊಪ್ಪರಿಗೆಯಲ್ಲಿ ಕುದಿಯುವಾಗ ಒಂದಷ್ಟು ಒಡೆದಿರುತ್ತದೆ, ಮಿಕ್ಕದ್ದು ನೀರಿನಂಶ ಮತ್ತು ಸ್ವಲ್ಪ ಖನಿಜ. ಹಾಲಿನಲ್ಲಿ ಲ್ಯಾಕ್ಟೋಸ್ ಇದೆ. ಅನ್ನ, ಚಪಾತಿಯ ಪಿಷ್ಟ ಕೂಡ ಕೊನೆಗೆ ಗ್ಲೂಕೋಸೇ.

ರಕ್ತಕ್ಕೆ ಸೇರಿದ ಗ್ಲೂಕೋಸನ್ನು ಮೈಯ ಎಲ್ಲ ಕಡೆಯೂ ಖರ್ಚು ಮಾಡಬಹುದು. ಅದನ್ನು ಸ್ನಾಯುಗಳ ಒಳಗೆ ಬಿಡಲು ಇನ್ಸುಲಿನ್ ಬೇಕು. ಫ್ರಕ್ಟೋಸಿನ ದಾರಿ ಬೇರೆ. ಅದರ ಬಹುಭಾಗ ಕರುಳಿನಿಂದ ನೇರ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ ಹೋಗುತ್ತದೆ. ಗ್ಲೂಕೋಸ್ ಸಾಕಾದಷ್ಟು ಬಂದಾಗ ‘ಇನ್ನು ಬೇಡ’ ಅಂತ ತಡೆಯುವ ಒಂದು ಗೇಟು ಲಿವರಿನಲ್ಲಿದೆ. ಫ್ರಕ್ಟೋಸ್ ಆ ಗೇಟಿನ ಪಕ್ಕದಿಂದ ನುಸುಳಿಬಿಡುತ್ತದೆ. ಅಗತ್ಯಕ್ಕಿಂತ ಹೆಚ್ಚಾದದ್ದು ಅಲ್ಲೇ ಕೊಬ್ಬಾಗುತ್ತದೆ, ಯೂರಿಕ್ ಆಮ್ಲವೂ ಏರುತ್ತದೆ. ಇಡೀ ಹಣ್ಣು ತಿಂದಾಗ ನಾರಿನ ಜೊತೆ, ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಹೋಗುವುದರಿಂದ ತೊಂದರೆ ಇಲ್ಲ. ಅದೇ ನಾಲ್ಕು ಕಿತ್ತಳೆ ಹಿಂಡಿ ಒಂದೇ ಗುಟುಕಿಗೆ ಕುಡಿದರೆ ಲೆಕ್ಕ ಬೇರೆ.

ಇಷ್ಟೆಲ್ಲ ತಿಳಿಯುವ ಮೊದಲು ವೈದ್ಯರು ಕತ್ತಲೆಯಲ್ಲಿ ಎಷ್ಟು ತಡಕಾಡಿದರು ಅನ್ನುವುದಕ್ಕೆ ಒಂದೇ ಉದಾಹರಣೆ. 19ನೇ ಶತಮಾನದ ಮಧ್ಯದಲ್ಲಿ ಪ್ಯಾರಿಸಿನ ಪಿಯೋರಿ ಎಂಬ ಹೆಸರಾಂತ ವೈದ್ಯ ಮಧುಮೇಹಿಗಳಿಗೆ ಹೆಚ್ಚು ಸಕ್ಕರೆ ತಿನ್ನಿ ಅಂತ ಹೇಳುತ್ತಿದ್ದ. ಮೂತ್ರದಲ್ಲಿ ಹೋದದ್ದನ್ನು ತುಂಬಿಕೊಳ್ಳಬೇಕಲ್ಲ ಅನ್ನುವುದು ಅವನ ತರ್ಕ. ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ! ಅದೇ ಊರಿನ ಬೂಷಾರ್ದಾ ಬೇರೆ ದಾರಿ ಹಿಡಿದ. 1870-71ರಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸನ್ನು ಮುತ್ತಿಗೆ ಹಾಕಿದಾಗ ಊರಿಗೆ ಊರೇ ಹಸಿದಿತ್ತು. ಆಗ ತನ್ನ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಕಡಿಮೆಯಾದದ್ದನ್ನು, ಕೆಲವರಲ್ಲಿ ಮಾಯವೇ ಆದದ್ದನ್ನು ಅವನು ಕಂಡ. ಯಾವ ಸಿಹಿ ಅನ್ನುವುದಕ್ಕಿಂತ ಎಷ್ಟು ಅನ್ನುವುದು ಮುಖ್ಯ ಅಂತ ಆ ಕಷ್ಟಕಾಲ ತೋರಿಸಿಕೊಟ್ಟಿತು.

ಈ ‘ಎಷ್ಟು’ ಅನ್ನುವುದೇ ಸಕ್ಕರೆಯ ಚರಿತ್ರೆಯ ನಿಜವಾದ ತಿರುವು. ಸಾವಿರಾರು ವರ್ಷ ಸಕ್ಕರೆ ಅಂದರೆ ರಾಜರ ಮನೆ, ದೇವಸ್ಥಾನ, ವೈದ್ಯರ ಪೆಟ್ಟಿಗೆ, ಇಷ್ಟೇ. ಅದನ್ನು ಅಗ್ಗ ಮಾಡಿದ್ದು ಗುಲಾಮಗಿರಿ. ಆಫ್ರಿಕದಿಂದ ಹಡಗಿನಲ್ಲಿ ತುಂಬಿಸಿ ತಂದ ಲಕ್ಷಾಂತರ ಜನರನ್ನು ಕೆರಿಬಿಯನ್ ದ್ವೀಪಗಳಲ್ಲಿ, ಬ್ರೆಜಿಲಿನಲ್ಲಿ ಕಬ್ಬಿನ ತೋಟಕ್ಕೆ ದೂಡಿದರು. ಬ್ರಿಟಿಷರು ಗುಲಾಮಗಿರಿ ನಿಲ್ಲಿಸಿದ ಮೇಲೆ 1834ರಿಂದ ನಮ್ಮ ದೇಶದ ಬಡವರನ್ನು ಕರಾರು ಕೂಲಿಗಳಾಗಿ ಮಾರಿಷಸ್ಸಿಗೆ ಒಯ್ದರು. ಅವರು ಇಳಿದ ಪೋರ್ಟ್ ಲೂಯಿಯ ಅಪ್ರವಾಸಿ ಘಾಟ್ ಇವತ್ತು ವಿಶ್ವ ಪರಂಪರೆಯ ತಾಣ. ನಾವು ರೈಲು ಹತ್ತಿ ಊರು ಬಿಟ್ಟೆವು. ಆ ಜನ ಹಡಗು ಹತ್ತಿ ಊರು ಬಿಟ್ಟದ್ದು ಬೇರೆಯವರ ಚಹಾದ ಸಿಹಿಗೆ. ಇಂಗ್ಲೆಂಡಿನಲ್ಲಿ 1700ರ ಸುಮಾರಿಗೆ ತಲೆಗೆ ವರ್ಷಕ್ಕೆ 4 ಪೌಂಡಿನಷ್ಟಿದ್ದ ಸಕ್ಕರೆ ಬಳಕೆ, 1800ರ ಹೊತ್ತಿಗೆ 18 ಪೌಂಡ್ ಆಯಿತು ಅಂತ ಸಿಡ್ನಿ ಮಿಂಟ್ಜ್ ಎಂಬ ಮಾನವಶಾಸ್ತ್ರಜ್ಞ ತಮ್ಮ 1985ರ ಪುಸ್ತಕದಲ್ಲಿ ಲೆಕ್ಕ ಕೊಡುತ್ತಾರೆ. ಅಲ್ಲಿಂದ ಇನ್ನೊಂದು ನೂರು ವರ್ಷದಲ್ಲಿ ಅದು ಮತ್ತೆ ಹಲವು ಪಟ್ಟು ಬೆಳೆಯಿತು. ಅಷ್ಟರಲ್ಲಿ ಬೀಟ್‌ರೂಟಿನ ಜಾತಿಯ ಗಡ್ಡೆಯಿಂದಲೂ ಸಕ್ಕರೆ ಬರತೊಡಗಿತ್ತು. 1747ರಲ್ಲಿ ಬರ್ಲಿನ್ನಿನ ಮಾರ್ಗ್ರಾಫ್ ಕಂಡುಹಿಡಿದ ಆ ವಿದ್ಯೆಗೆ ನೆಪೋಲಿಯನ್ ದೊಡ್ಡ ಬೆಂಬಲ ಕೊಟ್ಟ.

ನಮ್ಮಲ್ಲಿ ಬಿಳಿ ಸಕ್ಕರೆ ಸಾಮಾನ್ಯರ ಮನೆ ಹೊಕ್ಕಿದ್ದು ಹೆಚ್ಚುಕಡಿಮೆ ತೊಂಬತ್ತು ವರ್ಷದ ಈಚೆಗೆ. ಅದಕ್ಕೆ ಮೊದಲು ಪೇಟೆಯ ಸಕ್ಕರೆಯಲ್ಲಿ ದೊಡ್ಡ ಪಾಲು ಜಾವಾದಿಂದ ಬರುತ್ತಿತ್ತು. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಕೇಂದ್ರ ಶುರುವಾಯಿತು. ಅಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಬೆಳೆಸಿದ ತಳಿಗಳು ದೇಶದ ಕಬ್ಬನ್ನೇ ಬದಲಿಸಿದವು. 1932ರಲ್ಲಿ ಸರ್ಕಾರ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಗಳ ಸಂಖ್ಯೆ ನೂರು ದಾಟಿತು. ಅದೇ ಅಲೆಯಲ್ಲಿ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆ ನಡೆಸಿದ ಲೆಸ್ಲಿ ಕೋಲ್ಮನ್ ಅದರ ಹಿಂದಿದ್ದರು. ಕನ್ನಂಬಾಡಿಯ ನೀರು ಕಾಲುವೆಗೆ ಬಂದಿತ್ತು, ಕಬ್ಬಿಗೆ ಗಿರಾಕಿ ಬೇಕಿತ್ತು. ಇತ್ತ ಮಹಾರಾಷ್ಟ್ರದಲ್ಲಿ ಸ್ವಾತಂತ್ರ್ಯದ ನಂತರ ವಿಠಲರಾವ್ ವಿಖೆ ಪಾಟೀಲ್ ಮತ್ತು ಧನಂಜಯರಾವ್ ಗಾಡ್ಗೀಳ್ ಸೇರಿ ಪ್ರವರಾನಗರದಲ್ಲಿ ಸಹಕಾರಿ ಕಾರ್ಖಾನೆ ಕಟ್ಟಿದರು. ಲಕ್ಷಾಂತರ ರೈತರು ಇದರಿಂದ ತಲೆ ಎತ್ತಿದರು. ಸಕ್ಕರೆಯನ್ನು ಬೈಯುವಾಗ ಇದನ್ನು ಮರೆಯಬಾರದು. ಆದರೆ ಹಬ್ಬಕ್ಕೊಮ್ಮೆ ಬರುತ್ತಿದ್ದ ನೆಂಟ ಮನೆಯಲ್ಲೇ ಉಳಿದದ್ದೂ ಹೀಗೆಯೇ.

ಸಕ್ಕರೆ ಹೆಚ್ಚಿದಂತೆ ಪಾಪವಿಲ್ಲದ ಸಿಹಿಯ ಹುಡುಕಾಟವೂ ಜೋರಾಯಿತು. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಫಾಲ್‌ಬರ್ಗ್ ಎಂಬಾತನ ಕೈಗೆ ಸಿಕ್ಕಿದ್ದು ಸ್ಯಾಕರಿನ್. ಮಧುಮೇಹಿಗಳಿಗೆ ಅದು ವರವಾಗಿ ಕಂಡಿತು. ಮುಂದೆ ಇಲಿಗಳ ಮೇಲಿನ ಪ್ರಯೋಗ ನೋಡಿ 1977ರಲ್ಲಿ ಅಮೆರಿಕ ಅದನ್ನು ನಿಷೇಧಿಸಲು ಹೊರಟಿತು. ಆ ಅಪಾಯ ಮನುಷ್ಯರಿಗೆ ಅನ್ವಯಿಸುವುದಿಲ್ಲ ಅಂತ ಗೊತ್ತಾಗಿ 2000ದಲ್ಲಿ ಡಬ್ಬಿಯ ಮೇಲಿನ ಎಚ್ಚರಿಕೆಯನ್ನೂ ತೆಗೆದರು. ಹಾಗಂತ ಅದು ಪೂರ್ತಿ ನಿರಪರಾಧಿಯೂ ಆಗಲಿಲ್ಲ: ತೂಕ ಇಳಿಸಲು ಇಂಥ ಕೃತಕ ಸಿಹಿಗಳನ್ನು ನೆಚ್ಚಿಕೊಳ್ಳಬೇಡಿ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆ ಸಲಹೆ ಆಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ, ಅವರು ತಮ್ಮ ಡಾಕ್ಟರನ್ನೇ ಕೇಳಬೇಕು.

ಇನ್ನೊಂದು ಅಭ್ಯರ್ಥಿ ಫ್ರಕ್ಟೋಸ್. 1981ರಲ್ಲಿ ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ತಂಡ ಗ್ಲೈಸೀಮಿಕ್ ಇಂಡೆಕ್ಸ್ ಎಂಬ ಅಳತೆಗೋಲು ತಂದಿತು. ಯಾವ ಆಹಾರ ರಕ್ತದ ಗ್ಲೂಕೋಸನ್ನು ಎಷ್ಟು ಏರಿಸುತ್ತೆ ಅನ್ನುವ ಅಂಕ. ಗ್ಲೂಕೋಸಿಗೆ 100 ಅಂತ ಇಟ್ಟರೆ ಸಕ್ಕರೆಗೆ ಸುಮಾರು 65, ಫ್ರಕ್ಟೋಸಿಗೆ 20ರ ಆಸುಪಾಸು. ಆಹಾ, ಸಿಕ್ಕಿತಲ್ಲ ಸಾಧು ಸಿಹಿ! ಹಣ್ಣಿನ ಸಕ್ಕರೆ ಎಂಬ ಒಳ್ಳೆಯ ಹೆಸರು ಬೇರೆ. ಮಧುಮೇಹಿಗಳಿಗೆಂದೇ ಫ್ರಕ್ಟೋಸಿನ ತಿನಿಸುಗಳು ಬಂದವು. ಆದರೆ ಆ ಅಂಕ ಅಳೆಯುವುದು ರಕ್ತದಲ್ಲಿನ ಗ್ಲೂಕೋಸನ್ನು ಮಾತ್ರ. ಲಿವರಿನಲ್ಲಿ ಏನಾಗುತ್ತಿದೆ ಅನ್ನುವುದು ಆ ಕಾಲಮ್ಮಿನಲ್ಲಿ ಬರುವುದೇ ಇಲ್ಲ. ಕೊಬ್ಬಿನ ಅಂಶ ಏರುತ್ತದೆ ಅಂತ ಗೊತ್ತಾಗುತ್ತಾ ಬಂದಂತೆ 2000ದ ದಶಕದ ಆರಂಭದಲ್ಲಿ ಅಮೆರಿಕದ ಮಧುಮೇಹ ಸಂಘ, ಸಿಹಿಗಾಗಿ ಫ್ರಕ್ಟೋಸ್ ಬೆರೆಸಿಕೊಳ್ಳಬೇಡಿ ಅಂದಿತು. ಒಂದು ಪುಟ ನೋಡಿ ಲೆಡ್ಜರ್ ಸರಿಯಿದೆ ಅಂತ ಸಹಿ ಹಾಕಿದರೆ ಹೀಗೆಯೇ ಆಗೋದು.

ಈ ಹೊತ್ತಿಗೆ ಅಮೆರಿಕದಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಫ್ರಕ್ಟೋಸ್ ಪಾಕ ಎಲ್ಲ ಕಡೆ ಹಬ್ಬಿತ್ತು. 1984ರ ಹೊತ್ತಿಗೆ ಅಲ್ಲಿನ ದೊಡ್ಡ ಕೋಲಾ ಕಂಪನಿಗಳು ಸಕ್ಕರೆ ಬಿಟ್ಟು ಅದಕ್ಕೆ ಬಂದವು. ತಂಪು ಪಾನೀಯದಲ್ಲಿ ಬಳಸುವ ಬಗೆಯಲ್ಲಿ ಫ್ರಕ್ಟೋಸ್ 55, ಗ್ಲೂಕೋಸ್ 42 ಪಾಲು. ನಮ್ಮ ಸಕ್ಕರೆಯಲ್ಲಿ ಐವತ್ತು, ಐವತ್ತು. ಏನು ಮಹಾ ವ್ಯತ್ಯಾಸ? ‘ನಮ್ಮ ಕೋಲಾದಲ್ಲಿ ಕಬ್ಬಿನ ಸಕ್ಕರೆ’ ಅಂತ ಸಮಾಧಾನ ಪಡುವವರು ಈ ಲೆಕ್ಕ ನೋಡಬೇಕು. 300 ಮಿಲಿ ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಿಹಿ. ಯಾವ ಗಿಡದಿಂದ ಬಂದರೂ ಮೂವತ್ತೇ.

ಇದೆಲ್ಲ ಮೊದಲೇ ಯಾರೂ ಹೇಳಲಿಲ್ಲವೇ? ಹೇಳಿದ್ದರು. ಲಂಡನ್ನಿನ ಪ್ರೊಫೆಸರ್ ಜಾನ್ ಯುಡ್ಕಿನ್ 1972ರಲ್ಲಿ ಸಕ್ಕರೆಯ ಅಪಾಯದ ಬಗ್ಗೆ ಪುಸ್ತಕವನ್ನೇ ಬರೆದರು. ಆದರೆ ಕಾಲ ಅವರ ಪರವಾಗಿರಲಿಲ್ಲ, ಹೃದ್ರೋಗಕ್ಕೆಲ್ಲ ಕೊಬ್ಬೇ ಕಾರಣ ಎಂಬ ವಾದ ಗೆದ್ದಿತ್ತು. ಆ ಗೆಲುವಿನ ಹಿಂದಿನ ಒಂದು ವೋಚರ್ 2016ರಲ್ಲಿ ಹೊರಬಿತ್ತು. ಅಮೆರಿಕದ ಸಕ್ಕರೆ ಉದ್ಯಮದ ಸಂಸ್ಥೆಯೊಂದು 1960ರ ದಶಕದಲ್ಲಿ ಹಾರ್ವರ್ಡಿನ ವಿಜ್ಞಾನಿಗಳಿಗೆ ಸುಮಾರು 6,500 ಡಾಲರ್ ಕೊಟ್ಟು, ಸಕ್ಕರೆಯ ಮೇಲಿನ ಅನುಮಾನವನ್ನು ತಗ್ಗಿಸಿ ಕೊಬ್ಬಿನತ್ತ ಬೆರಳು ತೋರುವ ವಿಮರ್ಶಾ ಲೇಖನ ಬರೆಸಿತ್ತು. ಅದು 1967ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು, ದುಡ್ಡು ಕೊಟ್ಟವರ ಹೆಸರಿರಲಿಲ್ಲ. ಹಳೆಯ ಕಾಗದಪತ್ರ ಕೆದಕಿ ಇದನ್ನು ಹೊರತೆಗೆದವರು ಕ್ಯಾಲಿಫೋರ್ನಿಯದ ಕ್ರಿಸ್ಟಿನ್ ಕರ್ನ್ಸ್ ಮತ್ತವರ ಜೊತೆಗಾರರು. ಕೊಬ್ಬು ಪೂರ್ತಿ ನಿರಪರಾಧಿ ಅಂತ ಇದರ ಅರ್ಥವಲ್ಲ. ಯಾರ ಖಾತೆಯಿಂದ ದುಡ್ಡು ಬಂತು ಅಂತ ನೋಡದೆ ರಿಪೋರ್ಟು ಓದಬಾರದು, ಅಷ್ಟೇ.

ಈಗ ಬೆಲ್ಲಕ್ಕೆ ಬರೋಣ. ನಾನು ಶಿರಸಿ ಕಡೆಯವನು. ಆಲೆಮನೆಯ ನೊರೆಬೆಲ್ಲದ ರುಚಿ, ದೋಸೆಯ ಜೊತೆ ಜೋನಿ ಬೆಲ್ಲ, ಇದರ ಮೇಲೆ ನನಗೆ ದ್ವೇಷ ಎಲ್ಲಿಂದ ಬರಬೇಕು? ಆದರೆ ಲೆಕ್ಕ ಹೀಗಿದೆ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 398 ಕ್ಯಾಲರಿ, 100 ಗ್ರಾಂ ಬೆಲ್ಲದಲ್ಲಿ 383. ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆ, ನಿಜ. ಆದರೆ ದಿನಕ್ಕೆ ಬೇಕಾದ ಕಬ್ಬಿಣವನ್ನು ಬೆಲ್ಲದಿಂದಲೇ ತುಂಬಿಸಲು ಹೋದರೆ ನೂರಾರು ಗ್ರಾಂ ತಿನ್ನಬೇಕು. ಅಷ್ಟು ತಿಂದವನಿಗೆ ಕಬ್ಬಿಣದ ಚಿಂತೆ ಇರೋದಿಲ್ಲ, ಬೇರೆ ಚಿಂತೆ ಇರುತ್ತೆ. ರಕ್ತದ ಗ್ಲೂಕೋಸ್ ಏರಿಸುವುದರಲ್ಲಿ ಬೆಲ್ಲ ಸಕ್ಕರೆಗೆ ಬಿಟ್ಟುಕೊಡುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಒಳ್ಳೆಯ ಹೆಸರಿನದು: ಸಕ್ಕರೆ ಹಾಕುವಾಗ ಹಿಡಿತದಲ್ಲಿರುವ ಕೈ ಬೆಲ್ಲ ಹಾಕುವಾಗ ಸಡಿಲವಾಗುತ್ತೆ.

ನಮ್ಮ ಅಪ್ಪಯ್ಯ ಅದೇ ನಂಬಿಕೆಯವರು. ಸಕ್ಕರೆ ಕಾಯಿಲೆ ಅಂತ ಗೊತ್ತಾದ ದಿನವೇ ಚಹಾದ ಸಕ್ಕರೆ ಬಿಟ್ಟರು, ಮತ್ತೆ ಮುಟ್ಟಲಿಲ್ಲ, ಅಷ್ಟು ಶಿಸ್ತು. ಆದರೆ ಊಟದ ಕೊನೆಗೆ ಒಂದು ತುಂಡು ಬೆಲ್ಲ, ಬೆಳಿಗ್ಗೆ ದೋಸೆಗೆ ಜೋನಿ ಬೆಲ್ಲ, ಬಾಯಾರಿಕೆಗೆ ಬೆಲ್ಲ ನೀರು. “ಇದು ನಮ್ಮ ಗದ್ದೆದು, ಇದಕ್ಕೆ ದೋಷ ಇಲ್ಲೆ” ಅನ್ನುತ್ತಿದ್ದರು. ಕಾಲಿನ ಗಾಯ ಮಾಯಲಿಲ್ಲ. ಎರಡು ಬೆರಳು ತೆಗೆಯಬೇಕಾಯಿತು. ಬೆಲ್ಲ ಒಂದೇ ಕಾರಣ ಅಂತ ನಾನು ಹೇಳಲಾರೆ, ಅದು ಡಾಕ್ಟರುಗಳ ವಿಷಯ. ಆದರೆ ಅಷ್ಟು ಶಿಸ್ತಿನ ಮನುಷ್ಯನಿಗೆ ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ ಅಂತ ಯಾರಾದರೂ ಒಪ್ಪುವ ಹಾಗೆ ಹೇಳಿದ್ದರೆ ಖಂಡಿತ ಬಿಡುತ್ತಿದ್ದರು.

ನಮ್ಮ ದೇಶದ ಲೆಕ್ಕ ಈಗ ಎಲ್ಲಿಗೆ ಬಂದಿದೆ? 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ. ಸಕ್ಕರೆ ಒಂದೇ ಇದಕ್ಕೆ ಹೊಣೆಯಲ್ಲ. ಕೂತು ಮಾಡುವ ಕೆಲಸ, ತಟ್ಟೆ ತುಂಬ ಅನ್ನ, ಹೊಟ್ಟೆಯ ಬೊಜ್ಜು, ವಂಶದ ಪಾಲು ಎಲ್ಲ ಸೇರಿದೆ. ಆದರೂ ವರ್ಷಕ್ಕೆ ತಲೆಗೆ ಸುಮಾರು 20 ಕೆಜಿ ಸಕ್ಕರೆ, ಅಂದರೆ ದಿನಕ್ಕೆ 55 ಗ್ರಾಂ. ಬೆಲ್ಲ ಇದರಲ್ಲಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ, ದಿನಕ್ಕೆ 2,000 ಕ್ಯಾಲರಿ ತಿನ್ನುವವರಿಗೆ 50 ಗ್ರಾಂ. 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಆ ಮಿತಿಯೊಳಗೆ ಜೇನು, ಪಾಕ, ಹಣ್ಣಿನ ರಸ ಎಲ್ಲವನ್ನೂ ಒಟ್ಟಿಗೇ ಎಣಿಸಿದ್ದಾರೆ. ಯಾವುದಕ್ಕೂ ರಿಯಾಯಿತಿ ಇಲ್ಲ.

ಕಡಿಮೆ ಮಾಡಿದರೆ ನಿಜಕ್ಕೂ ಉಪಯೋಗ ಉಂಟೇ ಅನ್ನುವುದಕ್ಕೆ ಚರಿತ್ರೆಯೇ ಒಂದು ಪ್ರಯೋಗ ಮಾಡಿಟ್ಟಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಸಕ್ಕರೆಗೆ ರೇಷನ್ ಹಾಕಿತು. ಯುದ್ಧ ಮುಗಿದರೂ ರೇಷನ್ ಮುಗಿಯಲಿಲ್ಲ, 1953ರ ಸೆಪ್ಟೆಂಬರಿನವರೆಗೂ ನಡೆಯಿತು. ತೆಗೆದ ಕೂಡಲೇ ಜನರ ಸಕ್ಕರೆ ಬಳಕೆ ದಿನಕ್ಕೆ ಸುಮಾರು 40 ಗ್ರಾಮಿನಿಂದ 80ಕ್ಕೆ ಏರಿತು. ಆ ಗಡಿಯ ಆಚೆ ಈಚೆ ಹುಟ್ಟಿದವರು ಮುಂದೆ ಏನಾದರು ಅಂತ ಸಂಶೋಧಕರು ಹೋಲಿಸಿ ನೋಡಿದರು. ಫಲಿತಾಂಶ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಎರಡು ವರ್ಷ ತುಂಬುವ ತನಕ, ಅಂದರೆ ಮೊದಲ ಸಾವಿರ ದಿನ, ರೇಷನ್ನಿನಲ್ಲಿ ಬೆಳೆದವರಿಗೆ ಮುಂದೆ ಟೈಪ್ 2 ಮಧುಮೇಹದ ಅಪಾಯ ಸುಮಾರು 35 ಪರ್ಸೆಂಟ್ ಕಡಿಮೆ, ರಕ್ತದೊತ್ತಡದ್ದು ಸುಮಾರು 20 ಪರ್ಸೆಂಟ್ ಕಡಿಮೆ. ಯಾವ ತಾಯಿಯೂ ಬೇಕೆಂದು ಪಥ್ಯ ಮಾಡಿರಲಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದದ್ದೇ ಅಷ್ಟು.

ನಮ್ಮ ವಾರಿಗೆಯವರಿಗೆ ಈ ಸುದ್ದಿ ಸ್ವಲ್ಪ ತಡವಾಗಿ ಬಂತು ಅನ್ನಬಹುದು. ಆದರೆ ನಾವೀಗ ಅಜ್ಜ ಅಜ್ಜಿ ಆಗುತ್ತಿರುವವರು. ಮಗು ಅನ್ನ ತಿನ್ನಲ್ಲ ಅಂತ ಬೆಲ್ಲ ಕಲಸುವುದು, ಅತ್ತರೆ ಬಾಯಿಗೆ ಬಿಸ್ಕತ್ತು ಇಡುವುದು, ಒಳ್ಳೆಯದು ಅಂತ ಜೇನು ನೆಕ್ಕಿಸುವುದು, ಇದೆಲ್ಲ ನಡೆಯುವುದು ನಮ್ಮ ಕೈಯಲ್ಲೇ. (ಜೇನನ್ನಂತೂ ಒಂದು ವರ್ಷ ತುಂಬುವ ಮೊದಲು ಕೊಡಲೇಬಾರದು, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯ ಎಳೆಮಕ್ಕಳಿಗೆ ಅಪಾಯ.) ಯುಗಾದಿಗೆ ಬೇವುಬೆಲ್ಲ, ಸಂಕ್ರಾಂತಿಗೆ ಎಳ್ಳುಬೆಲ್ಲ ಇರಲಿ, ಪಕ್ಕದ ಮನೆಯವರ ತಿಳ್‌ಗುಳ್ ಕೂಡ ಇರಲಿ. ಸಿಹಿಯನ್ನು ಹಬ್ಬಕ್ಕೆ ವಾಪಸು ಕಳಿಸಿದರೆ ಸಾಕು. ಉಳಿದ ದಿನಗಳಲ್ಲಿ ಯಾವ ಸಿಹಿ ಅಂತ ಕೇಳುವ ಬದಲು ಎಷ್ಟು ಚಮಚ ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳೋಣ. ಎರಡು ಸಾವಿರ ವರ್ಷ ಹುಡುಕಿದರೂ ಪಾಪವಿಲ್ಲದ ಸಿಹಿ ಸಿಕ್ಕಿಲ್ಲ, ಆದರೆ ತಡೆದುಕೊಳ್ಳಬಹುದಾದ ಅಳತೆ ಯಾವತ್ತೂ ನಮ್ಮ ಚಮಚದಲ್ಲೇ ಇತ್ತು.